ಸಿಲ್ವರ್ ಓಕ್ ಮರಗಳ ನಡುವೆ ಕಟ್ಟಿದ ತಂತಿ

ಹ್ಯಾಮ್‌ಗಳು, ಅಂದರೆ ಪರವಾನಗಿ ಪಡೆದು ರೇಡಿಯೊದಲ್ಲಿ ತಮ್ಮತಮ್ಮೊಳಗೆ ಮಾತನಾಡಿಕೊಳ್ಳುವ ಹವ್ಯಾಸಿಗಳು, ಬಳಸುವ 7 ಮೆಗಾಹರ್ಟ್ಸ್ ಬ್ಯಾಂಡಿಗೆ ಬೇಕಾಗುವ ಸಾಮಾನ್ಯ ಡೈಪೋಲ್ ಆಂಟೆನಾದ ಉದ್ದ ಸುಮಾರು 20 ಮೀಟರ್. ತಾಮ್ರದ ತಂತಿಯನ್ನು ಸರಿಯಾಗಿ ನಡುವೆ ಕತ್ತರಿಸಿ, ಆ ಎರಡು ತುದಿಗಳಿಗೆ ಕೇಬಲ್ ಬೆಸೆದು, ಹೊರತುದಿಗಳಿಗೆ ಪಿಂಗಾಣಿಯ ಇನ್ಸುಲೇಟರ್ ಪೋಣಿಸಿ, ಆದಷ್ಟು ಎತ್ತರದಲ್ಲಿ ಎಳೆದು ಕಟ್ಟಬೇಕು. ಬೆಂಗಳೂರಿನ ಹ್ಯಾಮ್ ಗೆಳೆಯರಿಗೆ ಈ 20 ಮೀಟರ್ ಜಾಗ ಹೊಂದಿಸಿಕೊಳ್ಳುವುದೇ ದೊಡ್ಡ ತಲೆನೋವಾಗಿತ್ತು. ಅಕ್ಕಪಕ್ಕದ ಮನೆಯವರನ್ನೆಲ್ಲ ಒಪ್ಪಿಸಿ, ತಂತಿಯನ್ನು ಅಂಕುಡೊಂಕಾಗಿ ಮಡಚಿ, ಕೊನೆಗೆ ತಾರಸಿಯ ಮೇಲೆ ಆಳೆತ್ತರದಲ್ಲಿ ಕಟ್ಟಿ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಕೊಡಗಿನ ಸುಂಟಿಕೊಪ್ಪದ ಕಡೆಯ ಕಾಫಿ ತೋಟದೊಳಗಿದ್ದ ನಮ್ಮ ಮನೆಯ ಸುತ್ತ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರಗಳಿಗೆ ಲೆಕ್ಕವೇ ಇರಲಿಲ್ಲ. ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಲು, ಬರುತ್ತಿದ್ದ ಆಳು, ಕರಿಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿಯನ್ನು ಮರಕ್ಕೆ ಒರಗಿಸಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹತ್ತಿ, ನಾವು ಕೊಟ್ಟ ಸಣ್ಣ ರಾಟೆಯನ್ನು ಮೇಲಿನ ಕೊಂಬೆಗೆ ಬಿಗಿದು, ನೈಲಾನ್ ಹಗ್ಗವನ್ನು ಅದರ ಮೂಲಕ ಇಳಿಬಿಡುತ್ತಿದ್ದ. ಹಗ್ಗದ ಕೆಳತುದಿಯನ್ನು ಬುಡಕ್ಕೆ ಗಂಟು ಹಾಕಿ ಬಿಟ್ಟರೆ ಕಕ್ಕಡ ತಿಂಗಳ (ಜುಲೈ-ಆಗಸ್ಟಿನ) ಗಾಳಿಗೆ ಎರಡು ಮರಗಳು ಬೇರೆ ಬೇರೆ ದಿಕ್ಕಿಗೆ ತೂಗಿ ತಂತಿಯನ್ನು ಹರಿದೇ ಬಿಡುತ್ತವೆ. ಆದ್ದರಿಂದ ಅಲ್ಲಿ ಕಲ್ಲು ತುಂಬಿದ ಡಬ್ಬವನ್ನು ತೂಗುಹಾಕಿ, ಮರ ಬಾಗಿದಾಗ ಡಬ್ಬ ಮೇಲೇರಿ ಇಳಿಯುವಂತೆ ಮಾಡಬೇಕು. ಇದನ್ನು ನಮಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ಅದೇ ಮರಗಸಿಯ ಆಳು.

ಹವ್ಯಾಸಿ ರೇಡಿಯೊ ಕೊಡಗಿನಲ್ಲಿ ಯಾವಾಗ ತುಂಬಿ ತುಳುಕುತ್ತಿತ್ತು ಎಂದು ಯಾರಾದರೂ ಕೇಳಿದರೆ ಅಂಥ ಕಾಲ ಇರಲೇ ಇಲ್ಲ ಎನ್ನಬೇಕಾಗುತ್ತದೆ. ಇಡೀ ಜಿಲ್ಲೆಯಲ್ಲಿ ನಮಗೆ ಗೊತ್ತಿದ್ದ ಹ್ಯಾಮ್‌ಗಳು ಬೆರಳೆಣಿಕೆಯವರು. ಆದರೂ 1970ರ ದಶಕದ ಕೊನೆಯಿಂದ 1990ರ ದಶಕದ ನಡುವಿನವರೆಗಿನ ಅವಧಿಯನ್ನು ನಾನು ಈ ಹವ್ಯಾಸದ ಏರುಗಾಲವೆಂದೇ ಕರೆಯುತ್ತೇನೆ, ಮತ್ತು ಅದಕ್ಕೆ ಕಾರಣ ಪರವಾನಗಿ ಪಡೆದವರ ಸಂಖ್ಯೆಗಿಂತ ಬೇರೆಯದು. ಆ ದಿನಗಳಲ್ಲಿ ಒಬ್ಬ ಹುಡುಗ ಗಾಳಿಯಲ್ಲಿ ತನ್ನ ಸ್ವರ ಹರಿಸಬೇಕಾದರೆ ಅದರ ಹಿಂದೆ ಊರಿನ ಹಲವು ಮಂದಿಯ ಕೈ ಇರಬೇಕಿತ್ತು. ಚುಕ್ಕೆ, ಗೀಟುಗಳ ಮೋರ್ಸ್ ಸಂಕೇತ ಕಲಿಸಲು ನಿವೃತ್ತ ಸೈನಿಕ, ಟ್ರಾನ್ಸ್‌ಫಾರ್ಮರ್ ಸುತ್ತಿಕೊಡಲು ಮೋಟಾರ್ ವೈಂಡಿಂಗ್ ಅಂಗಡಿಯವನು, ಬೆಂಗಳೂರಿನಿಂದ ಬಿಡಿಭಾಗ ತರಲು ಬಸ್ಸಿನ ಕಂಡಕ್ಟರ್, ವಿದೇಶದ ಕಾರ್ಡುಗಳನ್ನು ಮಳೆಯಲ್ಲಿ ನೆನೆಯದಂತೆ ತಲುಪಿಸಲು ಪೋಸ್ಟ್‌ಮ್ಯಾನ್. ಈ ಕೊಂಡಿಗಳು ಒಂದೊಂದಾಗಿ ಅನಗತ್ಯವಾದವು. ಹ್ಯಾಮ್ ರೇಡಿಯೊ ಉಳಿಯಿತು, ಅದರ ಸುತ್ತ ನೆರೆದಿದ್ದ ಮಂದಿ ಚದುರಿದರು.

ಈ ಹವ್ಯಾಸದ ಹುಟ್ಟನ್ನು ಸ್ವಲ್ಪ ಹೇಳಿಬಿಡುತ್ತೇನೆ. 1912ರಲ್ಲಿ ಅಮೆರಿಕ ತನ್ನ ರೇಡಿಯೊ ಕಾನೂನು ಮಾಡಿದಾಗ ಉಪಯುಕ್ತವೆನಿಸಿದ ಉದ್ದ ಅಲೆಗಳನ್ನೆಲ್ಲ ಹಡಗುಗಳಿಗೂ ಸೇನೆಗೂ ವ್ಯಾಪಾರಕ್ಕೂ ಇಟ್ಟುಕೊಂಡು, ಹವ್ಯಾಸಿಗಳನ್ನು 200 ಮೀಟರಿಗಿಂತ ಕಿರಿದಾದ ಅಲೆಗಳಿಗೆ ತಳ್ಳಿತು; ಆ ಅಲೆಗಳಿಂದ ದೂರ ಮುಟ್ಟಲು ಆಗುವುದಿಲ್ಲ ಎಂಬುದು ಅಂದಿನ ತಜ್ಞರ ನಂಬಿಕೆ. 1923ರ ನವೆಂಬರಿನಲ್ಲಿ ಅಮೆರಿಕದ ಹವ್ಯಾಸಿಗಳೂ ಫ್ರಾನ್ಸಿನ ಲಿಯೋನ್ ದೆಲೊವಾ ಎಂಬ ಹವ್ಯಾಸಿಯೂ ಸುಮಾರು 100 ಮೀಟರ್ ಅಲೆಯಲ್ಲಿ ಅಟ್ಲಾಂಟಿಕ್ ಸಾಗರದ ಎರಡು ದಡಗಳಿಂದ ಪರಸ್ಪರ ಮಾತನಾಡಿದಾಗ ಆ ನಂಬಿಕೆ ಬುಡಮೇಲಾಯಿತು. ಕಸವೆಂದು ಬಿಟ್ಟುಕೊಟ್ಟ ಜಾಗದಲ್ಲೇ ಭೂಮಿಯನ್ನು ಸುತ್ತಿಬರುವ ದಾರಿ ಸಿಕ್ಕಿತ್ತು. ಹವ್ಯಾಸಿಗಳ ಮೇಲೆ ನನಗಿರುವ ಗೌರವದ ಅರ್ಧ ಪಾಲು ಈ ಒಂದು ಸಂಗತಿಗೆ ಸಲ್ಲುತ್ತದೆ.

ನಮ್ಮ ದೇಶದಲ್ಲಿ ಮೊದಲ ಪರವಾನಗಿ ಅಮರೇಂದ್ರ ಚಂದ್ರ ಗುಪ್ತು ಅವರಿಗೆ 1921ರಲ್ಲಿ ದೊರೆಯಿತು. ಅವರ ಕಾಲ್ ಸೈನ್, ಅಂದರೆ ಗಾಳಿಯಲ್ಲಿ ಬಳಸುವ ಗುರುತಿನ ಹೆಸರು, 2ಜೆಕೆ. ಎರಡನೆಯ ಮಹಾಯುದ್ಧ ಶುರುವಾದ ಕೂಡಲೇ ಹವ್ಯಾಸಿಗಳ ಬಾಯಿ ಮುಚ್ಚಿಸಲಾಯಿತು. ಸ್ವಾತಂತ್ರ್ಯದ ನಂತರ 1948ರಲ್ಲಿ ಹವ್ಯಾಸಿಗಳ ಕ್ಲಬ್ಬೊಂದು ಹುಟ್ಟಿದ್ದು ಮಧ್ಯಪ್ರದೇಶದ ಮ್ಹೌನ ಸೇನಾ ಸಿಗ್ನಲ್ಸ್ ಶಾಲೆಯಲ್ಲಿ. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ 1959ರಷ್ಟು ಹಳೆಯದು. ಸೇನೆಗೂ ಈ ಹವ್ಯಾಸಕ್ಕೂ ಇರುವ ನಂಟು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಟಾಲಂನಿಂದ ನಿವೃತ್ತಿಯಾಗಿ ಬಂದು ತೋಟ ನೋಡಿಕೊಳ್ಳುವ ಒಬ್ಬರಾದರೂ ಇಲ್ಲದ ಓಣಿ ನಮ್ಮಲ್ಲಿ ಅಪರೂಪ. ಅವರಲ್ಲಿ ಕೆಲವರು ಸಿಗ್ನಲ್ಸ್ ದಳದಿಂದ ಬಂದವರಾಗಿರುತ್ತಿದ್ದರು.

ನಮ್ಮ ಪಾಲಿಗೆ ಅಂಥವರು ಸುಬೇದಾರ್ ಮಾವ. ನಮ್ಮ ಅಪ್ಪ ರೈಟರ್ (ಗುಮಾಸ್ತ) ಆಗಿದ್ದ ತೋಟಕ್ಕೆ ತಾಗಿಕೊಂಡೇ ಅವರ ಸಣ್ಣ ಹಿಡುವಳಿ ಇತ್ತು. ಬೆಳಿಗ್ಗೆ ಕಾಫಿ ಗಿಡಗಳ ನಡುವೆ ಓಡಾಡಿ, ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಮೇಜಿನ ಮುಂದೆ ಕೂತರೆಂದರೆ ಅವರ ಬಲಗೈ ತಾನಾಗಿಯೇ ಮೋರ್ಸ್ ಕೀಲಿಯ ಗುಂಡಿಯ ಮೇಲೆ ಬೀಳುತ್ತಿತ್ತು. ನಾನು ಅಕ್ಷರಗಳ ಎದುರು ಚುಕ್ಕೆ, ಗೀಟುಗಳನ್ನು ನೀಟಾಗಿ ಬರೆದುಕೊಂಡು ಹೋದ ಪಟ್ಟಿಯನ್ನು ಅವರು ನೋಡಲೂ ಇಲ್ಲ.

“ಇದನ್ನು ಬರೆದಿಟ್ಟುಕೊಂಡು ಕಲಿತರೆ ನಿಮಿಷಕ್ಕೆ ಐದು ಪದದ ಆಚೆ ನೀನು ಹೋಗುವುದಿಲ್ಲ ಮಗಾ. ಎಣಿಸಬೇಡ, ಕೇಳು,” ಎಂದರು.

ಅವರು ಹೇಳಿಕೊಟ್ಟ ಕ್ರಮದಲ್ಲಿ ಮೋರ್ಸ್ ಎಂದರೆ ಮೃದಂಗದ ಪಾಠಕ್ಕೆ ಮುಂಚೆ ಬಾಯಲ್ಲಿ ಹೇಳಿಸುವ ಸೊಲ್ಲುಕಟ್ಟುಗಳ ಹಾಗೆ. ಯಾರಾದರೂ ಇದ್ದೀರಾ ಎಂದು ಕರೆಯುವ ‘ಸಿಕ್ಯೂ’ ಎಂಬುದು ಡಾ-ಡಿ-ಡಾ-ಡಿಟ್, ಡಾ-ಡಾ-ಡಿ-ಡಾ ಎಂದು ಇಡಿಯಾಗಿ ಕಿವಿಗೆ ಬೀಳಬೇಕು; ಅದನ್ನು ಬಿಡಿಸಿ ನಾಲ್ಕು ಮತ್ತು ನಾಲ್ಕು ಸದ್ದುಗಳೆಂದು ಎಣಿಸುವಷ್ಟರಲ್ಲಿ ಮುಂದಿನ ಪದ ಹೋಗಿಬಿಟ್ಟಿರುತ್ತದೆ. ಪರವಾನಗಿಯ ಪರೀಕ್ಷೆಯಲ್ಲಿ ಎರಡನೆಯ ದರ್ಜೆಗೆ ನಿಮಿಷಕ್ಕೆ 5 ಪದ, ಮೊದಲನೆಯ ದರ್ಜೆಗೆ 12 ಪದಗಳ ವೇಗ ಬೇಕಿತ್ತು. ಅಲ್ಲಿ ಒಂದು ಪದವೆಂದರೆ ಐದು ಅಕ್ಷರ ಎಂದು ಲೆಕ್ಕ. ಅಭ್ಯಾಸಕ್ಕೆ ನಾವು ಬಳಸಿದ್ದು 555 ಎಂಬ ಪುಟ್ಟ ಐಸಿಯಿಂದ ಮಾಡಿದ, ಸ್ವರ ಹುಟ್ಟಿಸುವ ಆಸಿಲೇಟರು, ಹಳೆಯ ಟ್ರಾನ್ಸಿಸ್ಟರ್ ರೇಡಿಯೊದ ಸ್ಪೀಕರು, ಪ್ಲೈವುಡ್ ತುಂಡಿಗೆ ಮೊಳೆ ಹೊಡೆದು ಕೂರಿಸಿದ ಹ್ಯಾಕ್‌ಸಾ ಬ್ಲೇಡಿನ ಕೀಲಿ. ಬ್ಲೇಡಿನ ಒಂದು ತುದಿಗೆ ಸೋಡಾ ಬಾಟಲಿಯ ಮುಚ್ಚಳ ಅಂಟಿಸಿದರೆ ಅದೇ ಗುಂಡಿ. ಸುಬೇದಾರ್ ಮಾವನ ಹಿತ್ತಾಳೆಯ ಕೀಲಿಯನ್ನು ಮುಟ್ಟಲು ಅನುಮತಿ ಸಿಕ್ಕಿದ್ದು ನನ್ನ ‘ಕ್ಯೂ’ ಮತ್ತು ‘ವೈ’ ಅವರಿಗೆ ಬೇರೆ ಬೇರೆಯಾಗಿ ಕೇಳಿಸತೊಡಗಿದ ಮೇಲೆ.

ಕಳುಹಿಸುವುದಕ್ಕೆ ಪರವಾನಗಿ ಬೇಕು, ಕೇಳುವುದಕ್ಕೆ ಮನೆಯ ರೇಡಿಯೊವೇ ಸಾಕಿತ್ತು. 41 ಮೀಟರ್ ಬ್ಯಾಂಡಿನ ಪ್ರಸಾರ ಕೇಂದ್ರಗಳ ಕೆಳಗೆ ಮುಳ್ಳನ್ನು ನಿಧಾನವಾಗಿ ಸರಿಸಿದರೆ ಯಾರೋ ಇಬ್ಬರು ತಮ್ಮ ಪಾಡಿಗೆ ಮಾತನಾಡಿಕೊಳ್ಳುವುದು ಕೇಳಿಸುತ್ತಿತ್ತು. ಎಎಮ್‌ನಲ್ಲಿ, ಅಂದರೆ ಪ್ರಸಾರ ಕೇಂದ್ರಗಳದ್ದೇ ವಿಧಾನದಲ್ಲಿ, ಮಾತನಾಡುವವರ ಸ್ವರ ಸ್ಪಷ್ಟ. ಎಸ್ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ಎಂಬ ವಿಧಾನದಲ್ಲಿ ಮಾತನಾಡುವವರದು ಮೂಗಿನಲ್ಲಿ ತಡಬಡಿಸಿದಂತೆ ಕೇಳಿಸಿ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ, ಏಕೆಂದರೆ ಎಸ್ಎಸ್‌ಬಿಯಲ್ಲಿ ಮಾತನ್ನು ಹೊರುವ ವಾಹಕ ತರಂಗವನ್ನು ಕಳುಹಿಸುವ ಕಡೆಯಲ್ಲೇ ತೆಗೆದುಹಾಕಿರುತ್ತಾರೆ ಮತ್ತು ಅದನ್ನು ಕೇಳುವ ಕಡೆಯಲ್ಲಿ ಮತ್ತೆ ಸೇರಿಸಬೇಕಾಗುತ್ತದೆ. ಇದಕ್ಕೆ ಒಂದು ಸೊಗಸಾದ ಉಪಾಯವಿತ್ತು. ಕೇಳಬೇಕಾದ ಮಾತು 7.05 ಮೆಗಾಹರ್ಟ್ಸ್‌ನಲ್ಲಿ ಇದ್ದರೆ, ಇನ್ನೊಂದು ಟ್ರಾನ್ಸಿಸ್ಟರನ್ನು ತಂದು ಅದರ ಮುಳ್ಳನ್ನು 455 ಕಿಲೋಹರ್ಟ್ಸ್ ಕೆಳಗೆ, ಅಂದರೆ 6.6ರ ಆಸುಪಾಸಿಗೆ ತಿರುಗಿಸಿ ಮೊದಲ ರೇಡಿಯೊಗೆ ಒತ್ತಿ ಇಡಬೇಕು. ಆಗ ಆ ಎರಡನೆಯ ರೇಡಿಯೊದ ಒಳಗಿನ ಆಸಿಲೇಟರು, ಮುಳ್ಳಿಗಿಂತ ಅಷ್ಟೇ ಮೇಲಿರುವುದರಿಂದ, 7.05ರಲ್ಲೇ ಸಣ್ಣಗೆ ಮಿಡಿಯುತ್ತಿರುತ್ತದೆ, ಕಳೆದುಹೋದ ವಾಹಕದ ಜಾಗವನ್ನು ತುಂಬುತ್ತದೆ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದಂತೆ ಆ ತಡಬಡಿಕೆ ಒಮ್ಮೆಲೇ ಮನುಷ್ಯನ ಮಾತಾಗಿ, ಹೈದರಾಬಾದಿನ ಯಾರೋ ತಮ್ಮ ಪವರ್ ಸಪ್ಲೈ ಸುಟ್ಟುಹೋದ ಕಥೆ ಹೇಳುತ್ತಿರುವುದು ಕೇಳಿಸುತ್ತದೆ. ಮನೆಗಳಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಹಣ ಕಟ್ಟಬೇಕಿದ್ದ ಕಾಲವದು. ಎರಡು ರೇಡಿಯೊ ಹೊಂದಿಸುವುದೂ ಸುಲಭವಾಗಿರಲಿಲ್ಲ.

ಉಪಕರಣಗಳ ವಿಷಯಕ್ಕೆ ಬಂದರೆ ಅಂದಿನ ಕಷ್ಟವನ್ನು ಇಂದಿನವರಿಗೆ ನಂಬಿಸುವುದೇ ಕಷ್ಟ. ಯಾಎಸು, ಕೆನ್‌ವುಡ್, ಐಕಾಮ್ ಎಂಬ ಜಪಾನಿ ಹೆಸರುಗಳನ್ನು ನಾವು ವಿದೇಶಿ ಪತ್ರಿಕೆಗಳ ಜಾಹೀರಾತುಗಳಲ್ಲಿ ನೋಡಿದ್ದೆವು. ಆಮದು ಸುಂಕ ಸೇರಿದರೆ ಕಳುಹಿಸುವ, ಕೇಳುವ ಎರಡೂ ಕೆಲಸ ಮಾಡುವ ಒಂದು ಟ್ರಾನ್ಸೀವರಿನ ಬೆಲೆ ಸಂಬಳದವರ ಕೈಗೆಟುಕುವಂತಿರಲಿಲ್ಲ. 1980ರ ದಶಕದಲ್ಲಿ ಸುಂಕದ ವಿನಾಯಿತಿ ಬಂದ ಮೇಲೆಯೂ ವಿದೇಶದಲ್ಲಿ ನೆಂಟರಿದ್ದವರಿಗೇ ಅದರ ಲಾಭ ದೊರೆತದ್ದು ಹೆಚ್ಚು. ಉಳಿದವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿ. ಅಲ್ಲಿ ಸೇನೆಯ ಡಿಸ್ಪೋಸಲ್ ಸಾಮಾನುಗಳ ರಾಶಿಯಲ್ಲಿ 807 ವಾಲ್ವು, ಏರ್ ವೇರಿಯಬಲ್ ಕಂಡೆನ್ಸರು, ಬೇಕಲೈಟ್ ಕವಚದ ಕ್ವಾರ್ಟ್ಜ್ ಕ್ರಿಸ್ಟಲ್ಲು, ಎಲ್ಲವೂ ಸಿಗುತ್ತಿದ್ದವು. ಕೊಳ್ಳುವವನಿಗೆ ಏನು ಬೇಕೋ ಗೊತ್ತಿರಬೇಕು, ಮಾರುವವನಿಗೆ ಅದು ಗೊತ್ತಾಗಬಾರದು ಎಂಬುದು ಆ ರಸ್ತೆಯ ನಿಯಮ.

ಟ್ರಾನ್ಸ್‌ಮಿಟರಿನ ಆವರ್ತನವನ್ನು ನಿಗದಿ ಮಾಡುವ ಕ್ರಿಸ್ಟಲ್ಲುಗಳದ್ದೇ ಒಂದು ಅಧ್ಯಾಯ. ಸೇನೆಯ ಕ್ರಿಸ್ಟಲ್ಲುಗಳು ಸೇನೆಗೆ ಬೇಕಾದ ಆವರ್ತನಗಳಿಗೆ ಕತ್ತರಿಸಿದಂಥವು. ಹವ್ಯಾಸಿ ಬ್ಯಾಂಡಿನ ಒಳಗೆ ಬೀಳುವುದು ಅಪರೂಪ, ಸ್ವಲ್ಪ ಕೆಳಗೆ ಬೀಳುವವು ಧಾರಾಳ. ಕ್ವಾರ್ಟ್ಜ್ ಹಾಳೆ ತೆಳುವಾದಷ್ಟೂ ಅದರ ಆವರ್ತನ ಏರುತ್ತದೆ ಎಂಬ ಒಂದು ಸತ್ಯವನ್ನು ಹಿಡಿದು ಸುಬೇದಾರ್ ಮಾವ ಕೆಲಸಕ್ಕೆ ಕೂರುತ್ತಿದ್ದರು. ಹೋಲ್ಡರಿನ ಮೂರು ತಿರುಪುಗಳನ್ನು ಬಿಚ್ಚಿ, ಉಗುರಿನಗಲದ ಹಾಳೆಯನ್ನು ಹೊರತೆಗೆದು, ಕನ್ನಡಿಯ ಗಾಜಿನ ಮೇಲೆ ನುಣುಪಾದ ಕಾರ್ಬೊರಂಡಮ್ ಪುಡಿಯನ್ನು ನೀರಿನಲ್ಲಿ ಕಲಸಿ, ಒಂದೇ ಬೆರಳಿನ ಹಗುರವಾದ ಒತ್ತಡದಲ್ಲಿ ಇಂಗ್ಲಿಷಿನ ಎಂಟರ ಅಂಕಿ ಬರೆದಂತೆ ಉಜ್ಜುತ್ತಿದ್ದರು. ನೇರವಾಗಿ ಉಜ್ಜಿದರೆ ಹಾಳೆ ಒಂದು ಕಡೆ ಸವೆದು ಓರೆಯಾಗಿ, ಆಮೇಲೆ ಮಿಡಿಯುವುದನ್ನೇ ನಿಲ್ಲಿಸಿಬಿಡುತ್ತದೆ. ಸ್ವಲ್ಪ ಉಜ್ಜಿದ ಮೇಲೆ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಅಂಚನ್ನಷ್ಟೇ ಹಿಡಿದು ಮತ್ತೆ ಹೋಲ್ಡರಿಗೆ ಕೂರಿಸಿ, ಎಲ್ಲಿಗೆ ಬಂತೆಂದು ರಿಸೀವರಿನಲ್ಲಿ ಕೇಳಬೇಕು. ಬೇಕಾದುದಕ್ಕಿಂತ ಹೆಚ್ಚು ಏರಿಬಿಟ್ಟರೆ ಹಿಂದಕ್ಕೆ ಬರುವ ದಾರಿ ಬಹುಮಟ್ಟಿಗೆ ಇಲ್ಲ. ಪೆನ್ಸಿಲಿನ ಸೀಸವನ್ನು ಹಾಳೆಯ ನಡುವೆ ತೆಳುವಾಗಿ ಸವರಿ ಒಂದಿಷ್ಟು ಕೆಳಗಿಳಿಸುತ್ತಿದ್ದುದುಂಟು. ಒಂದು ಕ್ರಿಸ್ಟಲ್ಲಿಗೆ ಒಂದು ಸಂಜೆ ಹೋಗುತ್ತಿತ್ತು, ಮತ್ತು ಆ ಸಂಜೆ ಅವರೊಡನೆ ಮಾತನಾಡಲು ಯಾರೂ ಧೈರ್ಯ ಮಾಡುತ್ತಿರಲಿಲ್ಲ.

ಪರೀಕ್ಷೆಯಲ್ಲಿ ರೇಡಿಯೊ ಸಿದ್ಧಾಂತ, ನಿಯಮಗಳು, ಮೋರ್ಸ್ ಮೂರೂ ಇರುತ್ತಿದ್ದವು. ಅದು ಮುಗಿದ ಮೇಲೆ ಪೊಲೀಸ್ ವಿಚಾರಣೆ, ಆಮೇಲೆ ದೀರ್ಘವಾದ ಕಾಯುವಿಕೆ. ಆ ಕಾಯುವಿಕೆಯಲ್ಲಿ ಉತ್ಸಾಹ ಬತ್ತಿಹೋದ ಹುಡುಗರನ್ನು ನಾನು ಬಲ್ಲೆ. ಕೊನೆಗೊಮ್ಮೆ ‘ವಿಯು2’ ಎಂದು ಆರಂಭವಾಗುವ ಕಾಲ್ ಸೈನ್ ಹೊತ್ತ ಕಾಗದ ಬಂದಾಗ ಊರಿನವರ ಕಣ್ಣಿಗೆ ಅದು ಸರ್ಕಾರಿ ನೌಕರಿಯ ನೇಮಕಾತಿ ಪತ್ರಕ್ಕಿಂತ ಏನೂ ಕಡಿಮೆಯಾಗಿ ಕಾಣಿಸಿರಲಾರದು. ರಾಜೀವ್ ಗಾಂಧಿಯವರೂ ವಿಯು2ಆರ್‌ಜಿ ಎಂಬ ಕಾಲ್ ಸೈನ್ ಹೊಂದಿದ್ದ ಹ್ಯಾಮ್ ಎಂಬುದು ಆ ದಿನಗಳಲ್ಲಿ ನಮ್ಮ ಮನೆಯ ಹಿರಿಯರನ್ನು ಒಪ್ಪಿಸಲು ಬಹಳ ಉಪಯೋಗಕ್ಕೆ ಬಂತು.

ಇನ್ನು ಮಾತಿನ ವಿಷಯ. ಹೊರಗಿನವರು ಭಾವಿಸುವಂತೆ ಹ್ಯಾಮ್‌ಗಳು ರೋಮಾಂಚಕವಾದದ್ದೇನನ್ನೂ ಮಾತನಾಡುತ್ತಿರಲಿಲ್ಲ. ರಾಜಕೀಯ ಕೂಡದು, ಧರ್ಮ ಕೂಡದು, ವ್ಯಾಪಾರ ಕೂಡದು, ಹಾಡು ಹಾಕಕೂಡದು, ಬೇರೆಯವರ ಸಂದೇಶವನ್ನು ದಾಟಿಸಕೂಡದು ಎಂದು ನಿಯಮಗಳೇ ಹೇಳುವಾಗ ಉಳಿಯುವುದು ಹವಾಮಾನ, ಆಂಟೆನಾ ಮತ್ತು ಸಿಗ್ನಲ್ಲಿನ ಬಲ. ಐದು-ಒಂಬತ್ತು ಎಂದರೆ ಸ್ಪಷ್ಟವೂ ಬಲವೂ ಆದ ಸ್ವರ. ಅದನ್ನು ಹೇಳಿ, ಮಡಿಕೇರಿ ಕಡೆ ಮಳೆ ಬಿಟ್ಟಿಲ್ಲ ಎಂದು ಹೇಳಿ, ‘ಸೆವೆಂಟಿ ತ್ರೀ’ ಎಂದು ಶುಭ ಹಾರೈಸಿದರೆ ಸಂಭಾಷಣೆ ಮುಗಿಯಿತು. ಇಷ್ಟೆಲ್ಲ ಪಾಡುಪಟ್ಟು ಮಳೆಯ ಸುದ್ದಿ ಹೇಳುವುದೇ ಎಂದು ನನ್ನ ಅಮ್ಮ ಕೇಳಿದ್ದುಂಟು. ಅವರಿಗೆ ನಾನು ಕೊಟ್ಟ ಉತ್ತರ ನೆನಪಿಲ್ಲ. ಈಗಲಾದರೆ, ಮಾತಿಗಿಂತ ಮಾತು ಹೋದ ದಾರಿಯೇ ನಮಗೆ ಮುಖ್ಯವಾಗಿತ್ತು ಎನ್ನುತ್ತೇನೆ.

ಆ ದಾರಿ ಆಕಾಶದ್ದು. 7 ಮೆಗಾಹರ್ಟ್ಸ್‌ನಲ್ಲಿ ಬೆಳಗಿನ ಹೊತ್ತು ಬೆಂಗಳೂರು, ಕೊಚ್ಚಿ, ಚೆನ್ನೈ, ಹೈದರಾಬಾದುಗಳ ನಡುವೆ ಸಲೀಸಾಗಿ ಮಾತು ಹರಿಯುತ್ತದೆ. ನೇರವಾಗಿ ಮೇಲಕ್ಕೆ ಹೋದ ಅಲೆ ಅಯಾನುಗೋಳದಿಂದ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರಗಳಿಂದ, ಕೆಳಕ್ಕೆ ಮರಳುವುದರಿಂದ ಕೊಡಗಿನ ಬೆಟ್ಟಗಳು ಅಡ್ಡ ಬರುವುದಿಲ್ಲ. ಕಣಿವೆಯೊಂದರ ತಳದಲ್ಲಿ ಕೂತು ಚೆನ್ನೈ ಜೊತೆ ಮಾತನಾಡಬಹುದು, ಆದರೆ ಗುಡ್ಡದ ಆಚೆ ಬದಿಯ ಗೆಳೆಯನೊಡನೆ ನೇರ ದಾರಿಯಲ್ಲೇ ಸಾಗುವ ಎರಡು ಮೀಟರ್ ಬ್ಯಾಂಡಿನ ಕೈಸೆಟ್ಟಿನಲ್ಲಿ ಮಾತನಾಡಲು ಆಗುವುದಿಲ್ಲ ಎಂಬ ವಿಚಿತ್ರ ನಮಗೆ ಬಹಳ ಬೇಗ ಅಭ್ಯಾಸವಾಯಿತು. ನಡುಹಗಲಿಗೆ ಕೆಳಗಿನ ಪದರ ಅಲೆಯನ್ನು ಹೀರಿಕೊಂಡು ಸ್ವರಗಳು ತೆಳುವಾಗುತ್ತವೆ. ಸಂಜೆಯ ಮೇಲೆ ಮತ್ತೆ ದೂರದೂರದ ದೇಶಗಳು ತೆರೆದುಕೊಳ್ಳುತ್ತವೆ, ಅಂದಿನ ದಿನಗಳಲ್ಲಿ ಅವುಗಳ ಜೊತೆಗೆ ಪಕ್ಕದ ಪ್ರಸಾರ ಕೇಂದ್ರಗಳ ಗದ್ದಲವೂ ಸೇರಿಕೊಳ್ಳುತ್ತಿತ್ತು. ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚಾಗುತ್ತವೆ. 1979 ಮತ್ತು 1989ರ ಆಸುಪಾಸಿನಲ್ಲಿ ಆ ಏರಿಕೆ ಬಂದಾಗ 28 ಮೆಗಾಹರ್ಟ್ಸ್ ಬ್ಯಾಂಡು ಎಷ್ಟು ತೆರೆದಿತ್ತೆಂದರೆ, ಟಾರ್ಚ್ ಬಲ್ಬು ಬೆಳಗಿಸುವಷ್ಟು ಶಕ್ತಿಯ ಮನೆಯಲ್ಲೇ ಮಾಡಿದ ಟ್ರಾನ್ಸ್‌ಮಿಟರಿಗೂ ಯೂರೋಪಿನಿಂದ ಉತ್ತರ ಬರುತ್ತಿತ್ತು. ನನ್ನ ಏರುಗಾಲದ ಲೆಕ್ಕ ಈ ಎರಡು ಶಿಖರಗಳನ್ನು ಒಳಗೊಂಡಿರುವುದು ಕಾಕತಾಳೀಯವೇನೂ ಅಲ್ಲ.

ಮಳೆಗಾಲಕ್ಕಿಂತ ಅದಕ್ಕೆ ಮುಂಚಿನ ತಿಂಗಳುಗಳೇ ನಮಗೆ ಹೆಚ್ಚು ಕಾಟ ಕೊಡುತ್ತಿದ್ದವು. ಕಾಫಿ ಹೂ ಅರಳಿಸುವ ಹೂಮಳೆಗಾಗಿ ಬೆಳೆಗಾರರು ಬಾನು ನೋಡುವ ಹೊತ್ತಿಗೆ ನಾವು ಹೆಡ್‌ಫೋನ್ ತೆಗೆದಿಡುತ್ತಿದ್ದೆವು; ದೂರದಲ್ಲಿ ಎಲ್ಲೋ ಮಿಂಚಿದರೂ ಚಟಪಟ ಸದ್ದು ಸ್ವರಗಳನ್ನೆಲ್ಲ ನುಂಗಿಬಿಡುತ್ತಿತ್ತು. ಸಿಡಿಲಿನ ಸದ್ದು ಹತ್ತಿರ ಬಂದರೆ ಕೇಬಲ್ಲನ್ನು ಕಳಚಿ ಕಿಟಕಿಯಾಚೆ ಎಸೆಯುವುದು ಮನೆಯ ಕಾನೂನು. ಜೂನ್ ಮೇಲೆ ಗುಡುಗು ಕಡಿಮೆಯಾಗಿ ತೇವ ಶುರುವಾಗುತ್ತದೆ. ಕಂಡೆನ್ಸರುಗಳು ಸೋರುತ್ತವೆ, ಆವರ್ತನ ತನ್ನಷ್ಟಕ್ಕೆ ಜಾರುತ್ತದೆ, ಕಾರ್ಡುಗಳಿಗೆ ಬೂಷ್ಟು ಹಿಡಿಯುತ್ತದೆ. ಬಟ್ಟೆಯ ಬೀರುವಿನಲ್ಲಿ ಬಲ್ಬು ಉರಿಸುವ ಕೊಡಗಿನ ಪದ್ಧತಿಯನ್ನೇ ನಾವು ರೇಡಿಯೊ ಇಡುವ ಕಪಾಟಿಗೂ ಅನ್ವಯಿಸಿದೆವು. ಕರೆಂಟ್ ಹೋದರೆ ಜೀಪಿನ 12 ವೋಲ್ಟ್ ಬ್ಯಾಟರಿ.

ಕಾರ್ಡು ಎಂದೆನಲ್ಲ, ಅದು ಕ್ಯೂಎಸ್ಎಲ್ ಕಾರ್ಡು. ಗಾಳಿಯಲ್ಲಿ ಮಾತನಾಡಿದ್ದಕ್ಕೆ ಕಾಗದದ ಸಾಕ್ಷಿ: ಕಾಲ್ ಸೈನ್, ತಾರೀಕು, ಅಂತರರಾಷ್ಟ್ರೀಯ ವೇಳೆ, ಆವರ್ತನ, ಸ್ವರದ ಬಲ. ಮಾತನಾಡಿದ ಎಷ್ಟೋ ತಿಂಗಳುಗಳ ಮೇಲೆ ಕ್ಲಬ್ಬುಗಳ ಬ್ಯೂರೊ ಮೂಲಕ ಕಟ್ಟುಕಟ್ಟಾಗಿ ಬರುತ್ತಿತ್ತು. ನಮ್ಮ ಪೋಸ್ಟ್‌ಮ್ಯಾನ್ ಅವುಗಳನ್ನು ಖಾಕಿ ಚೀಲದ ಒಳಪದರದಲ್ಲಿ ಪ್ಲಾಸ್ಟಿಕ್ ಸುತ್ತಿ ತರುತ್ತಿದ್ದರು, ಮತ್ತು ಕೊಡುವ ಮೊದಲು ಪ್ರತಿಯೊಂದರ ಚಿತ್ರವನ್ನೂ ನೋಡಿ, ಅದು ಯಾವ ದೇಶ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದರು. ಸೋವಿಯತ್ ಒಕ್ಕೂಟದ ಗಣರಾಜ್ಯಗಳ ಹೆಸರುಗಳನ್ನು ಅವರಷ್ಟು ಸರಿಯಾಗಿ ಹೇಳುವವರು ನಮ್ಮ ಓಣಿಯಲ್ಲಿ ಇರಲಿಲ್ಲ.

ಹ್ಯಾಮ್ ರೇಡಿಯೊದ ಸಮರ್ಥನೆಗೆ ಸಾಮಾನ್ಯವಾಗಿ ವಿಪತ್ತುಗಳನ್ನು ಉದಾಹರಿಸುತ್ತಾರೆ, ಮತ್ತು ಆ ಉದಾಹರಣೆಗಳು ನಿಜವೂ ಹೌದು. 2001ರ ಜನವರಿ 26ರ ಭುಜ್ ಭೂಕಂಪದ ನಂತರ ಹವ್ಯಾಸಿಗಳು ಅಲ್ಲಿ ಕೇಂದ್ರಗಳನ್ನು ತೆರೆದರು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರು ಹವ್ಯಾಸಿ ಸಂಪರ್ಕಗಳಿಗೆಂದೇ ಪೋರ್ಟ್ ಬ್ಲೇರಿನಲ್ಲಿದ್ದರು. ಉಳಿದ ಸಂಪರ್ಕಗಳು ಕಡಿದುಹೋದಾಗ ಅವರ ಕೇಂದ್ರ ದ್ವೀಪಗಳಿಗೂ ಮುಖ್ಯ ಭೂಮಿಗೂ ನಡುವಿನ ಕೊಂಡಿಯಾಯಿತು. ಆದರೆ ವಿಪತ್ತಿಗಾಗಿ ಯಾರೂ ಹವ್ಯಾಸ ಬೆಳೆಸಿಕೊಳ್ಳುವುದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು, ಕರೆಂಟೂ ಮೊಬೈಲೂ ಸತ್ತು, ಯಾರು ಎಲ್ಲಿದ್ದಾರೆಂದು ತಿಳಿಯದೆ ಒದ್ದಾಡಿದ ದಿನಗಳಲ್ಲಿ ನನಗೆ ಅನ್ನಿಸಿದ್ದು ಇದು: ಹಳ್ಳಿಗೊಬ್ಬರಂತೆ ದಿನಾ ಬೆಳಿಗ್ಗೆ ಸುಮ್ಮನೆ ಹವಾಮಾನ ಹರಟುವವರು ಇದ್ದಿದ್ದರೆ, ಅವರ ಬ್ಯಾಟರಿ ಚಾರ್ಜ್ ಆಗಿರುತ್ತಿತ್ತು, ತಂತಿ ಮೇಲಿರುತ್ತಿತ್ತು, ಯಾವ ಹೊತ್ತಿಗೆ ಯಾವ ಬ್ಯಾಂಡು ತೆರೆದಿರುತ್ತದೆಂಬುದು ಬಾಯಿಪಾಠವಾಗಿರುತ್ತಿತ್ತು. ಅಮ್ಮ ಗೇಲಿ ಮಾಡುತ್ತಿದ್ದ ಆ ಮಳೆಯ ಸುದ್ದಿಯೇ ಅದಕ್ಕೆಲ್ಲ ತಾಲೀಮು.

ಮೊಬೈಲ್ ಬಂದದ್ದರಿಂದ ಹ್ಯಾಮ್ ಸತ್ತಿತು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಜಪಾನಿನಲ್ಲಿ 1990ರ ದಶಕದ ನಡುವೆ 13 ಲಕ್ಷಕ್ಕೂ ಹೆಚ್ಚಿದ್ದ ಹವ್ಯಾಸಿ ಕೇಂದ್ರಗಳು ಆಮೇಲೆ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಾದವು, ಅದು ನಿಜ. ಆದರೆ ಭಾರತದಲ್ಲಿ ಪರವಾನಗಿದಾರರ ಸಂಖ್ಯೆ ಮೊಬೈಲ್ ಬಂದ ಮೇಲೆಯೇ ಏರಿತು. ಸಿದ್ಧ ಉಪಕರಣ ಕೈಗೆಟುಕಿದ್ದು, ರಿಸ್ಟ್ರಿಕ್ಟೆಡ್ ಎಂಬ ಆರಂಭದ ದರ್ಜೆಯ ಪರವಾನಗಿಗೆ ಮೋರ್ಸ್ ಬೇಡವಾದದ್ದು ಇದಕ್ಕೆ ಕಾರಣ. ಇದು ಒಳ್ಳೆಯದೇ, ಕ್ರಿಸ್ಟಲ್ ಉಜ್ಜಿ ಪಾಸಾದವನೇ ನಿಜವಾದ ಹ್ಯಾಮ್ ಎನ್ನುವ ಹಳಬರ ಜಂಬ ನನಗೆ ಹಿಡಿಸುವುದಿಲ್ಲ. ಹೈದರಾಬಾದಿನ ಅಶರ್ ಫರ್ಹಾನ್ ಅವರ ಬಿಟ್‌ಎಕ್ಸ್ ಬಂದದ್ದೂ ಈ ಹೊಸ ಕಾಲದಲ್ಲೇ. ಎಲ್ಲ ಊರಿನ ಅಂಗಡಿಯಲ್ಲೂ ಸಿಗುವ ಬಿಡಿಭಾಗಗಳಿಂದಲೇ ಎಸ್ಎಸ್‌ಬಿ ಟ್ರಾನ್ಸೀವರ್ ಆಗಬೇಕೆಂಬ ಹಟದಿಂದ ಅವರು ಅದನ್ನು ರೂಪಿಸಿದರು. ಕಾಯಿಲ್ ಸುತ್ತಲು ನಲ್ಲಿಯ ವಾಷರನ್ನೂ ಬಳಸಬಹುದೆಂದು ತೋರಿಸಿದರು. ಅದನ್ನು ಜಗತ್ತಿನ ಹಲವು ದೇಶಗಳಲ್ಲಿ ಜನ ತಮ್ಮ ಕೈಯಾರೆ ಕಟ್ಟಿದ್ದಾರೆ. ಇಸ್ರೋ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ 2014ರವರೆಗೆ ನಮ್ಮ ತಲೆಯ ಮೇಲೆ ಹಾದುಹೋಗುತ್ತ ಹವ್ಯಾಸಿಗಳ ಮಾತನ್ನು ಹೊತ್ತಿತು.

ಕೊಡಗಿನಲ್ಲಿ ಈಗಿನ ದೊಡ್ಡ ತೊಡಕು ಸದ್ದು. ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಶಾರ್ಟ್‌ವೇವ್ ತುಂಬ ಹಿಸ್ಸೆಂಬ ಪರದೆ ಎಳೆಯುತ್ತವೆ. ಅವುಗಳಿಗಿಂತ ಗುರುತು ಹತ್ತುವಂಥದ್ದು ಆನೆಗಳಿಗೆಂದು ಹಾಕಿದ ಸೋಲಾರ್ ಬೇಲಿಯ ಟಿಕ್, ಟಿಕ್ ಸದ್ದು. ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಇಡೀ ಬ್ಯಾಂಡಿನಲ್ಲಿ ಕೇಳಿಸುತ್ತದೆ. ಬೇಲಿಯ ತಂತಿಗೆ ಬಳ್ಳಿ ತಾಗಿ ಕಿಡಿ ಹಾರುತ್ತಿದ್ದರೆ ಆ ಸದ್ದು ಇನ್ನೂ ಜೋರಾಗುತ್ತದೆ, ಆದ್ದರಿಂದ ರೇಡಿಯೊ ಹಾಕಿ ಕೂತರೆ ಬೇಲಿ ಎಲ್ಲೋ ಕೆಟ್ಟಿದೆ ಎಂದು ತೋಟದ ಮಾಲೀಕರಿಗಿಂತ ಮೊದಲು ನನಗೆ ಗೊತ್ತಾಗುವುದುಂಟು. ಇದನ್ನು ಹೇಳಿಯೇ ನೆರೆಯವರ ಬಳಿ ಬಳ್ಳಿ ಸವರಿಸುತ್ತೇನೆ; ಇಬ್ಬರಿಗೂ ಲಾಭ.

ಈಗಿನ ಹುಡುಗರು ಹೆಚ್ಚಾಗಿ ಎಫ್‌ಟಿ8ರಲ್ಲಿದ್ದಾರೆ. ಭೌತವಿಜ್ಞಾನದ ನೊಬೆಲ್ ಪಡೆದ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್ 2017ರಲ್ಲಿ ಬಿಡುಗಡೆ ಮಾಡಿದ ಈ ವಿಧಾನದಲ್ಲಿ ಕಂಪ್ಯೂಟರುಗಳು 15 ಸೆಕೆಂಡಿಗೊಮ್ಮೆ ಸರದಿಯಂತೆ ಸಂಕೇತ ಕಳುಹಿಸುತ್ತವೆ. ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಿಗ್ನಲ್ಲನ್ನೂ ಅವು ಹಿಡಿಯುತ್ತವೆ. ಸದ್ದು ತುಂಬಿದ ಮನೆಗಳಿಂದ ಸಣ್ಣ ಆಂಟೆನಾದಲ್ಲಿ ಜಗತ್ತನ್ನು ಮುಟ್ಟಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಅದರಲ್ಲಿ ಹವಾಮಾನ ಹೇಳಲು ಜಾಗವಿಲ್ಲ ಎಂಬುದೊಂದೇ ನನ್ನ ತಕರಾರು.

ಸೂರ್ಯನ ಈಗಿನ ಚಕ್ರ 2024ರಲ್ಲಿ ತುದಿ ಮುಟ್ಟಿ ಇಳಿಯತೊಡಗಿದೆ. ಆಸಕ್ತಿ ಇರುವವರು ತಡಮಾಡದೆ ಎಸ್ಎಸ್‌ಬಿ ಸೌಲಭ್ಯವಿರುವ ಶಾರ್ಟ್‌ವೇವ್ ರೇಡಿಯೊವೊಂದನ್ನು ಕೊಂಡು, ಬೆಳಗಿನ ಹೊತ್ತು 7.0ರಿಂದ 7.2 ಮೆಗಾಹರ್ಟ್ಸ್ ನಡುವೆ ಹುಡುಕಲಿ. ದಕ್ಷಿಣದ ಹ್ಯಾಮ್‌ಗಳು ಹಾಜರಿ ಹೇಳುವ ನೆಟ್ಟುಗಳು, ಅಂದರೆ ನಿಗದಿತ ಹೊತ್ತಿನ ಸಾಮೂಹಿಕ ಮಾತುಕತೆಗಳು, ಈಗಲೂ ಕೇಳಿಸುತ್ತವೆ, ಕನ್ನಡದ ಮಾತೂ ನಡುನಡುವೆ ಕಿವಿಗೆ ಬೀಳುತ್ತದೆ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು, ಅರ್ಜಿಯನ್ನು ಅಂತರ್ಜಾಲದಲ್ಲೇ ಸಲ್ಲಿಸಬಹುದು. ಸುಂಟಿಕೊಪ್ಪ, ಕುಶಾಲನಗರದ ಕಡೆಯ ಮಕ್ಕಳಿಗೆ ಮೋರ್ಸ್ ಕಲಿಯುವ ಮನಸ್ಸಿದ್ದರೆ ಭಾನುವಾರ ಮಧ್ಯಾಹ್ನ ನಮ್ಮ ಜಗಲಿಗೆ ಬರಲಿ; ಚುಕ್ಕೆ, ಗೀಟುಗಳ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಬರಬೇಕು.